ದುಬೈ ಮಳೆಯೂ ಮೋಡ ಬಿತ್ತನೆಯ ಮಾತೂ

ಓದುಗರ ಪ್ರಶ್ನೆ: ನಮಸ್ಕಾರ ಸರ್. ನಾವು ಪುತ್ತೂರಿನ ಕಡೆಯವರು. ಹನ್ನೊಂದು ವರ್ಷದಿಂದ ಶಾರ್ಜಾದಲ್ಲಿದ್ದೇವೆ. 2024ರ ಏಪ್ರಿಲ್ 16ರ ಮಳೆಗೆ ಬೇಸ್‌ಮೆಂಟ್‌ನಲ್ಲಿದ್ದ ನಮ್ಮ ಕಾರು ಪೂರ್ತಿ ಮುಳುಗಿತು. ಐದು ದಿನ ಕರೆಂಟ್ ಇರಲಿಲ್ಲ, ಲಿಫ್ಟ್ ಇರಲಿಲ್ಲ, ನಲ್ಲಿಯಲ್ಲಿ ನೀರಿರಲಿಲ್ಲ. ಏಳನೇ ಮಹಡಿಗೆ ಕ್ಯಾನ್ ಹೊತ್ತು ಹತ್ತಿದೆವು. ಈಗಲೂ ಮೋಡ ಕವಿದರೆ ಮಗ ಕಿಟಕಿ ಬಿಟ್ಟು ಕದಲುವುದಿಲ್ಲ. ಇಲ್ಲಿನ ಸರ್ಕಾರ ಮೋಡ ಬಿತ್ತನೆ ಮಾಡಿದ್ದಕ್ಕೇ ಹೀಗಾಯಿತು ಅಂತ ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. ಆಕಾಶ ಹಸಿರಾದ ವಿಡಿಯೊ ನೋಡಿದ ಮೇಲೆ ನನಗೂ ಅನುಮಾನ. ಊರಿನಿಂದ ಅತ್ತೆ ಫೋನ್ ಮಾಡಿದಾಗಲೆಲ್ಲ 'ದೇವರ ಕೆಲಸಕ್ಕೆ ಕೈ ಹಾಕಿದರೆ ಹೀಗೇ ಆಗುವುದು, ಸುಮ್ನೆ ಬಂದುಬಿಡಿ' ಅನ್ನುತ್ತಾರೆ. ಇದು ನಿಜವಾ? ಮತ್ತೆ ಹೀಗೇ ಆಗುತ್ತದಾ? ಮನೆ ಬದಲಿಸಬೇಕಾ? ಕರ್ನಾಟಕದಲ್ಲೂ ಮೋಡ ಬಿತ್ತನೆ ಮಾಡುತ್ತಾರಲ್ಲ, ಅಲ್ಲಿಗೂ ಅಪಾಯ ಇದೆಯಾ?

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕಾರು ಹೋದ ನೋವಿಗಿಂತ 'ಯಾರೋ ಮಾಡಿದ ತಪ್ಪಿಗೆ ನಮಗೆ ಹೀಗಾಯಿತಾ' ಅನ್ನುವ ಸಂಕಟವೇ ಜಾಸ್ತಿ ಕಂಡಿತು. ಹಾಗಾಗಿ ಮೊದಲು ಆ ಅನುಮಾನವನ್ನೇ ಬಿಡಿಸೋಣ. ಮಳೆ ಮುನ್ಸೂಚನೆಯ ಮೇಜಿನಲ್ಲಿ ಮೂವತ್ತು ವರ್ಷ ಕೂತವನು ನಾನು. ಆ ಮೂವತ್ತು ವರ್ಷದಲ್ಲಿ ಮೋಡ ಬಿತ್ತನೆ ಬಗ್ಗೆ ಜನ ಎರಡೇ ಮಾತು ಆಡುವುದನ್ನು ಕೇಳಿದ್ದೇನೆ. ಬರ ಬಂದಾಗ 'ಅದೆಲ್ಲ ದುಡ್ಡು ಹೊಡೆಯುವ ಆಟ, ಒಂದು ಹನಿಯೂ ಬೀಳಲ್ಲ'. ನೆರೆ ಬಂದಾಗ 'ಅದರಿಂದಲೇ ಊರು ಮುಳುಗಿತು'. ಎರಡೂ ಒಟ್ಟಿಗೆ ನಿಜ ಆಗುವುದಕ್ಕಂತೂ ಸಾಧ್ಯವಿಲ್ಲ, ಅಲ್ವಾ?

ಬಿತ್ತನೆ ಅಂದರೆ ಏನು ಅಂತ ನೋಡೋಣ. ಪುತ್ತೂರಿನವರಿಗೆ ಇದನ್ನು ಹೇಳುವುದು ಸುಲಭ. ಆಟಿ ತಿಂಗಳ ಜೋರು ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೆನಪು ಮಾಡಿಕೊಳ್ಳಿ. ಯಾರೂ ನೀರು ಹಾಕಿರುವುದಿಲ್ಲ, ಆದರೂ ಕಲ್ಲುಪ್ಪು ಒದ್ದೆಯಾಗಿ ತಳದಲ್ಲಿ ನೀರು ನಿಂತಿರುತ್ತದೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಯುಎಇಯಲ್ಲಿ ಮಾಡುವುದು ಮುಖ್ಯವಾಗಿ ಇದನ್ನೇ. ಚಿಕ್ಕ ವಿಮಾನದ ರೆಕ್ಕೆಗೆ ಉಪ್ಪಿನ ಕೊಳವೆಗಳನ್ನು ಕಟ್ಟಿಕೊಂಡು ಹೋಗಿ ಮೋಡದ ಬುಡದಲ್ಲಿ ಉರಿಸುತ್ತಾರೆ. ಕೆಳಗಿನಿಂದ ಏರುವ ಗಾಳಿ ಆ ಪುಡಿಯನ್ನು ಮೋಡದೊಳಗೆ ಎಳೆದುಕೊಳ್ಳುತ್ತದೆ. ಅದರ ಸುತ್ತ ಹನಿ ದಪ್ಪವಾಗಿ, ಭಾರವಾಗಿ ಬೀಳುತ್ತದೆ. ಚಳಿ ಮೋಡಗಳಿಗಾದರೆ ಸಿಲ್ವರ್ ಅಯೋಡೈಡ್ ಬಳಸುತ್ತಾರೆ. ಅದು ಹೆಪ್ಪು ಹಾಕಿದ ಹಾಗೆ, ಮೋಡದೊಳಗೆ ಹಿಮದ ಹರಳು ಕಟ್ಟಲು ಒಂದು ನೆಪ.

ಹೆಪ್ಪು ಹಾಕಬೇಕಾದರೆ ಮೊದಲು ಪಾತ್ರೆಯಲ್ಲಿ ಹಾಲಿರಬೇಕು. ಮೋಡವೇ ಇಲ್ಲದಿದ್ದರೆ ವಿಮಾನ ಏನು ಮಾಡೀತು? ಬಿತ್ತನೆಯ ವಿಮಾನಗಳು ಬಹುಪಾಲು ದಿನ ನೆಲದ ಮೇಲೇ ನಿಂತಿರುತ್ತವೆ ಅನ್ನುವುದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಪೈಲಟ್ ಚಹಾ ಕುಡಿಯುತ್ತಾ, ರಾಡಾರ್ ಮುಂದೆ ಕೂತವನಿಗೆ 'ಬಂತಾ, ಬಂತಾ' ಅಂತ ಕೇಳುತ್ತಿರುತ್ತಾನೆ. ಇನ್ನು ಆಗಲೇ ಕುದಿದು ಉಕ್ಕುತ್ತಿರುವ ಹಾಲಿಗೆ ಯಾರೂ ಹೆಪ್ಪು ಹಾಕುವುದಿಲ್ಲ. ಗುಡುಗು ಸಿಡಿಲಿನ ದೊಡ್ಡ ಬಿರುಗಾಳಿಯೊಳಗೆ ಚಿಕ್ಕ ವಿಮಾನ ನುಗ್ಗಿಸುವುದು ಪ್ರಾಣಕ್ಕೇ ಅಪಾಯ. ನುಗ್ಗಿದರೂ ಲಾಭವಿಲ್ಲ, ಆ ಮೋಡ ಹೇಗಿದ್ದರೂ ಸುರಿಯುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಒಂದು ಚದರ ಮೀಟರ್ ಅಂಗಳದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನೂರು ಕಿಲೋಮೀಟರ್ ಉದ್ದ, ನೂರು ಕಿಲೋಮೀಟರ್ ಅಗಲದ ಜಾಗಕ್ಕೆ ನೂರು ಮಿಲಿಮೀಟರ್ ಬಿತ್ತು ಅಂತ ಇಟ್ಟುಕೊಳ್ಳಿ. ನೂರು ಕೋಟಿ ಘನ ಮೀಟರ್ ಆಯಿತು. ಈ ಸಂಖ್ಯೆ ತಲೆಗೆ ಹೋಗುವುದಿಲ್ಲ ಅನ್ನುವವರಿಗೆ ನಮ್ಮ ಭಾಷೆಯಲ್ಲಿ ಹೇಳುತ್ತೇನೆ: ಸುಮಾರು 35 ಟಿಎಂಸಿ. ಕೆಆರ್‌ಎಸ್ ಅಣೆಕಟ್ಟು ತುಂಬಿದರೆ 49 ಟಿಎಂಸಿ. ಅಂದರೆ ಮುಕ್ಕಾಲಿಗೆ ಹತ್ತಿರ ಕೆಆರ್‌ಎಸ್ ಅನ್ನು ಒಂದೇ ದಿನದಲ್ಲಿ ಆಕಾಶದಿಂದ ಇಳಿಸಿದ ಹಾಗೆ. ಒಂದು ವಿಮಾನ ಹೊತ್ತೊಯ್ಯುವ ಉಪ್ಪು ಎಷ್ಟು? ಮದುವೆ ಮನೆಯ ಅಡುಗೆಗೆ ತರಿಸುವಷ್ಟು, ಕೆಲವು ಹತ್ತು ಕಿಲೊ. ಅಷ್ಟು ನೀರನ್ನು ಕಡಲಿನಿಂದ ಎತ್ತಿ ಮರುಭೂಮಿಯ ಮೇಲೆ ತಂದು ನಿಲ್ಲಿಸುವುದು ಆ ಉಪ್ಪಿನ ಕೆಲಸ ಅಲ್ಲವೇ ಅಲ್ಲ.

ಹಾಗಂತ ಬಿತ್ತನೆ ಪೂರ್ತಿ ಬುರುಡೆ ಅಂತಲೂ ನಾನು ಹೇಳುವುದಿಲ್ಲ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಸೋಲಾಪುರದ ಸುತ್ತ 2018 ಮತ್ತು 2019ರಲ್ಲಿ 276 ಮೋಡಗಳನ್ನು ಆರಿಸಿ ಪ್ರಯೋಗ ಮಾಡಿದರು. ಗಾಳಿ ಬೀಸುವ ದಿಕ್ಕಿನಲ್ಲಿ ನೂರು ಚದರ ಕಿಲೋಮೀಟರ್ ಜಾಗದಲ್ಲಿ ಸರಾಸರಿ ಶೇಕಡಾ 18ರಷ್ಟು ಮಳೆ ಹೆಚ್ಚಿತು ಅಂತ ಕಂಡುಕೊಂಡರು. ಸರಿ, ವಾದಕ್ಕೆ ಒಪ್ಪಿಕೊಳ್ಳೋಣ. ಏಪ್ರಿಲ್ 16ರ ಮಳೆಗೂ ಇದೇ 18 ಸೇರಿತ್ತು ಅಂತಲೇ ಅಂದುಕೊಳ್ಳಿ. ಆ ದಿನ ದುಬೈ ವಿಮಾನ ನಿಲ್ದಾಣದಲ್ಲಿ 24 ಗಂಟೆಯಲ್ಲಿ ಬಿದ್ದದ್ದು 142 ಮಿಲಿಮೀಟರ್. ಬಿತ್ತನೆಯ ಪಾಲು ಕಳೆದರೂ 120 ಉಳಿಯಿತು. ಅಲ್ಲಿ ಇಡೀ ವರ್ಷದ ಸರಾಸರಿ ಮಳೆಯೇ ಸುಮಾರು 95. ನಿಮ್ಮ ಕಾರು ಆಗಲೂ ಮುಳುಗುತ್ತಿತ್ತು.

ನಿಜವಾಗಿ ಆ ದಿನ ಬಿತ್ತನೆ ನಡೆದಿತ್ತಾ? ಹಿಂದಿನ ಎರಡು ದಿನ ಬಿತ್ತನೆಯ ವಿಮಾನಗಳು ಹಾರಿದ್ದವು ಅಂತ ಶುರುವಿನಲ್ಲಿ ಒಂದು ಸುದ್ದಿ ಬಂತು. ಅದೇ ಸುದ್ದಿ ಜಗತ್ತೆಲ್ಲ ಸುತ್ತಿತು. ಬಿರುಗಾಳಿಯ ವೇಳೆ ಯಾವ ಬಿತ್ತನೆಯನ್ನೂ ಮಾಡಿಲ್ಲ ಅಂತ ಯುಎಇಯ ರಾಷ್ಟ್ರೀಯ ಹವಾಮಾನ ಕೇಂದ್ರ ಹೇಳಿತು. ಸರ್ಕಾರದ ಮಾತು ನಂಬದವರಿಗೆ ನಾನು ಬೇರೆ ಎರಡು ಸಂಗತಿ ತೋರಿಸುತ್ತೇನೆ. ಒಂದು, ಬಿತ್ತನೆಯ ಪರಿಣಾಮ ಅರ್ಧ ಗಂಟೆ, ಹೆಚ್ಚೆಂದರೆ ಒಂದೆರಡು ಗಂಟೆ. ಆ ಮೋಡದ ಆಯುಷ್ಯವೇ ಅಷ್ಟು. ಭಾನುವಾರ, ಸೋಮವಾರ ಹಾಕಿದ ಉಪ್ಪು ಮಂಗಳವಾರದವರೆಗೆ ಕಾದು ಕೂರುವುದಿಲ್ಲ. ಎರಡು, ಅದೇ ಬಿರುಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಸಾಗುತ್ತಾ, ದುಬೈಗೆ ಪಶ್ಚಿಮದಲ್ಲಿರುವ ಬಹ್ರೇನ್‌ನಲ್ಲೂ ರಸ್ತೆಗಳನ್ನು ಮುಳುಗಿಸಿತು. ದುಬೈಯಲ್ಲಿ ಹಾಕಿದ ಉಪ್ಪು ಗಾಳಿಗೆ ಎದುರಾಗಿ ಬಹ್ರೇನಿಗೆ ಹೋಗುವುದು ಹೇಗೆ?

ಇನ್ನೂ ಒಂದು ಇದೆ, ನನ್ನಂಥವರಿಗೆ ಅದೇ ದೊಡ್ಡ ಸಾಕ್ಷಿ. ಈ ಮಳೆ ಕೆಲವು ದಿನ ಮೊದಲೇ ಕಂಪ್ಯೂಟರ್ ಮಾದರಿಗಳಲ್ಲಿ ಕಂಡಿತ್ತು. ಏಪ್ರಿಲ್ 16ರಂದು ಮಕ್ಕಳಿಗೆ ಆನ್‌ಲೈನ್ ಪಾಠ, ಸರ್ಕಾರಿ ನೌಕರರಿಗೆ ಮನೆಯಿಂದಲೇ ಕೆಲಸ ಅಂತ ಹಿಂದಿನ ದಿನವೇ ಹೇಳಿದ್ದರು, ನಿಮಗೆ ನೆನಪಿರಬಹುದು. ಆ ಮಾದರಿಗಳಿಗೆ ವಿಮಾನ, ಉಪ್ಪು ಯಾವುದೂ ಗೊತ್ತಿಲ್ಲ. ಗಾಳಿ, ಶಾಖ, ತೇವ ಇಷ್ಟನ್ನೇ ಇಟ್ಟುಕೊಂಡು ಅವು ದೊಡ್ಡ ಮಳೆ ಬರುತ್ತದೆ ಅಂದವು. ಬಂತು.

ಹಸಿರು ಆಕಾಶದ ವಿಷಯ: ವಿಡಿಯೊಗಳಲ್ಲಿ ಕೆಲವಕ್ಕೆ ಬಣ್ಣ ಏರಿಸಿದ್ದರು, ಆದರೆ ಹಸಿರು ಛಾಯೆ ಸುಳ್ಳಲ್ಲ. ನೀರು, ಆಲಿಕಲ್ಲು ದಟ್ಟವಾಗಿ ತುಂಬಿದ ಎತ್ತರದ ಮೋಡದ ಮೂಲಕ ಇಳಿಬಿಸಿಲಿನ ಕೆಂಪು ಬೆಳಕು ಹಾದು ಬಂದರೆ ನೆಲದಿಂದ ನೋಡುವವರಿಗೆ ಹಾಗೆ ಕಾಣುತ್ತದೆ. ಅಮೆರಿಕದ ಬಯಲು ಸೀಮೆಯಲ್ಲಿ ಆಲಿಕಲ್ಲು ಮಳೆಗೆ ಮುಂಚೆ ರೈತರು ಇದನ್ನು ನೋಡುತ್ತಲೇ ಇರುತ್ತಾರೆ. ಉಪ್ಪಿಗೆ ಅಂಥ ಬಣ್ಣವಿಲ್ಲ.

ಈ ಆರೋಪ ಹೊಸದೂ ಅಲ್ಲ. ಮೋಡ ಬಿತ್ತನೆ ಶುರುವಾದದ್ದು 1946ರ ನವೆಂಬರ್‌ನಲ್ಲಿ, ಅಮೆರಿಕದ ವಿನ್ಸೆಂಟ್ ಶೇಫರ್ ವಿಮಾನದಿಂದ ಡ್ರೈ ಐಸ್ (ಗಟ್ಟಿಯಾಗಿಸಿದ ಇಂಗಾಲದ ಡೈಆಕ್ಸೈಡ್) ಸುರಿದಾಗ. ಮರುವರ್ಷವೇ ಒಂದು ಚಂಡಮಾರುತದ ಮೇಲೆ ಡ್ರೈ ಐಸ್ ಹಾಕಿ ನೋಡಿದರು. ಅಟ್ಲಾಂಟಿಕ್ ಕಡೆಗೆ ಹೊರಟಿದ್ದ ಅದು ತಿರುಗಿ ಜಾರ್ಜಿಯಾದ ಸವನ್ನಾಕ್ಕೆ ಬಡಿಯಿತು. ಜನ ಬಿಟ್ಟಾರೆಯೇ? ಬಿತ್ತನೆಗೆ ಮುಂಚೆಯೇ ಅದು ತಿರುಗಲು ಶುರುಮಾಡಿತ್ತು ಅಂತ ಆಮೇಲೆ ತಿಳಿಯಿತು. 1952ರಲ್ಲಿ ಇಂಗ್ಲೆಂಡಿನ ಲಿನ್‌ಮತ್ ಊರಿಗೆ ನೆರೆ ನುಗ್ಗಿ 34 ಜನ ಸತ್ತರು. ಆಗಲೂ ಸೇನೆಯ ಮಳೆ ಪ್ರಯೋಗವೇ ಕಾರಣ ಅಂದರು, ಈಗಲೂ ಅನ್ನುವವರಿದ್ದಾರೆ. 1972ರ ಜೂನ್ 9ರಂದು ಅಮೆರಿಕದ ರಾಪಿಡ್ ಸಿಟಿಯಲ್ಲಂತೂ ಅದೇ ದಿನ ಹತ್ತಿರದಲ್ಲೇ ಬಿತ್ತನೆ ನಡೆದಿತ್ತು, ರಾತ್ರಿ ನೆರೆ ಬಂದು 238 ಜನ ಹೋದರು. ತನಿಖೆ ಮಾಡಿದವರು ಬಿತ್ತನೆ ಕಾರಣವಲ್ಲ ಅಂದರು. ಆದರೆ ಮನೆಯವರನ್ನು ಕಳೆದುಕೊಂಡವರಿಗೆ ಆ ಮಾತು ಹೇಗೆ ಕೇಳಿಸಿರಬೇಡ! ಮಳೆ ಬರಿಸುತ್ತೇವೆ ಅಂತ ಹೊರಟವರಿಗೆ ನೆರೆಯ ಅಪವಾದ ತಪ್ಪಿದ್ದಲ್ಲ, ಅದು ಆ ಕಸುಬಿಗೇ ಅಂಟಿಕೊಂಡು ಬಂದದ್ದು.

ಹಾಗಾದರೆ ಅಷ್ಟು ನೀರು ಎಲ್ಲಿಂದ ಬಂತು? ಕಡಲಿನಿಂದ. ಅರಬ್ಬೀ ಸಮುದ್ರವೂ ಕೊಲ್ಲಿಯೂ ಬೆಚ್ಚಗಿದ್ದವು. ಬೆಚ್ಚಗಿನ ಗಾಳಿ ಹೆಚ್ಚು ತೇವ ಹೊರುತ್ತದೆ, ಒಂದು ಡಿಗ್ರಿ ಏರಿದರೆ ಸುಮಾರು ಶೇಕಡಾ 7 ಜಾಸ್ತಿ. ಅದೇ ಹೊತ್ತಿಗೆ ಎತ್ತರದಲ್ಲಿ ಬೀಸುವ ಜೆಟ್ ಗಾಳಿ ಉತ್ತರದಲ್ಲಿ ತನ್ನ ಪಾಡಿಗೆ ಇರುವುದು ಬಿಟ್ಟು ಅರೇಬಿಯಾದ ಮೇಲೆ ದಕ್ಷಿಣಕ್ಕೆ ಜೋತುಬಿದ್ದಿತ್ತು. ತನ್ನ ಜೊತೆ ತಣ್ಣನೆಯ ಗಾಳಿ ತಂದಿತ್ತು. ಮೇಲೆ ತಣ್ಣಗೆ, ಕೆಳಗೆ ಬಿಸಿ ಮತ್ತು ಒದ್ದೆ. ಇಷ್ಟು ಸಾಕು, ಗಾಳಿ ಬುಗ್ಗೆಯ ಹಾಗೆ ಏರುತ್ತದೆ. ಒಂದು ಮೋಡ ಸುರಿದು ಮುಗಿಯುವುದರೊಳಗೆ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಅಲ್ ಐನ್ ಹತ್ತಿರದ ಖತ್ಮ್ ಅಲ್ ಶಕ್ಲಾದಲ್ಲಿ 24 ಗಂಟೆಯೊಳಗೆ 254 ಮಿಲಿಮೀಟರ್ ದಾಖಲಾಯಿತು. ಆ ದೇಶದಲ್ಲಿ 1949ರಿಂದ ಲೆಕ್ಕ ಇಡುತ್ತಾ ಬಂದಿದ್ದಾರೆ, ಇಂಥದ್ದು ಬಂದೇ ಇರಲಿಲ್ಲ. ಒಮಾನ್‌ನಲ್ಲಿ ಎರಡು ದಿನ ಮೊದಲೇ ಶುರುವಾಗಿತ್ತು. ಸಮದ್ ಅಲ್ ಶಾನ್ ಎಂಬಲ್ಲಿ ಶಾಲೆ ಮಕ್ಕಳಿದ್ದ ವಾಹನ ವಾದಿಯ (ಮಳೆ ಬಂದಾಗ ಮಾತ್ರ ಹರಿಯುವ ಒಣ ಹಳ್ಳ) ನೀರಿಗೆ ಕೊಚ್ಚಿಹೋದದ್ದು ಏಪ್ರಿಲ್ 14ರಂದು.

ಹವಾಮಾನ ಬದಲಾವಣೆಯ ಪಾಲು ಎಷ್ಟು ಅಂತ ಕೇಳಿದರೆ ಒಂದೇ ಅಂಕಿ ಹೇಳಲಾರೆ. ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ಎಂಬ ವಿಜ್ಞಾನಿಗಳ ತಂಡ ಲೆಕ್ಕ ಹಾಕಿ, ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ಎಂದಿಗಿಂತ ಬಿಸಿಯಾಗುವ) ವರ್ಷಗಳಲ್ಲಿ ಈ ಭಾಗದ ಅತಿ ದೊಡ್ಡ ಮಳೆಗಳು ಭೂಮಿ ಬಿಸಿಯಾಗುವ ಮುಂಚಿನದಕ್ಕಿಂತ ಶೇಕಡಾ 10ರಿಂದ 40ರಷ್ಟು ಜೋರಾಗಿವೆ ಅಂದಿತು. 2024ರ ಆ ಹೊತ್ತಿನಲ್ಲಿ ಎಲ್ ನಿನೊ ಇತ್ತು. ಹತ್ತಕ್ಕೂ ನಲವತ್ತಕ್ಕೂ ನಡುವೆ ಇರುವ ಅಂತರ ನೋಡಿ. ನಮ್ಮ ಕಸುಬಿನಲ್ಲಿ ಪ್ರಾಮಾಣಿಕವಾಗಿ ಹೇಳುವ ಉತ್ತರ ಹೀಗೇ ಅಗಲವಾಗಿರುತ್ತದೆ. ಬಿತ್ತನೆಗೆ ಇದರಲ್ಲಿ ಹೇಳಿಕೊಳ್ಳುವಂಥ ಪಾಲಿಲ್ಲ ಅಂತಲೂ ಅದೇ ತಂಡ ಹೇಳಿತು.

ಮಳೆ ಬಂದದ್ದು ಒಂದು ದಿನ. ನಿಮ್ಮ ರಸ್ತೆಯಲ್ಲಿ ನೀರು ನಿಂತದ್ದು ಎಷ್ಟು ದಿನ? ಶಾರ್ಜಾದ ಕೆಲವು ಕಡೆ ವಾರ ದಾಟಿತು. ಪುತ್ತೂರಿನಲ್ಲಿ 142 ಮಿಲಿಮೀಟರ್ ಅಂದರೆ ಜುಲೈ ತಿಂಗಳ ಒಂದು ಜೋರು ದಿನ, ಮಕ್ಕಳಿಗೆ ರಜೆ, ಅಷ್ಟೇ. ಯಾಕೆ? ಅಂಗಳದ ನೀರು ಕಣಿಗೆ, ಕಣಿಯಿಂದ ತೋಡಿಗೆ, ತೋಡಿನಿಂದ ಹೊಳೆಗೆ. ತಲೆಮಾರುಗಳಿಂದ ನೀರಿಗೆ ದಾರಿ ಬಿಟ್ಟುಕೊಂಡೇ ಮನೆ ಕಟ್ಟಿದ್ದಾರೆ. ಶಾರ್ಜಾದಲ್ಲಿ ನೆಲ ಸಪಾಟು, ಕಡಲಿಗಿಂತ ಹೆಚ್ಚು ಎತ್ತರವೂ ಇಲ್ಲ. ಮರಳು ನೀರು ಕುಡಿಯುತ್ತದೆ ಅಂದುಕೊಳ್ಳುತ್ತೇವೆ, ಆದರೆ ಮರಳಿನ ಮೇಲೆ ಡಾಂಬರು, ಕಾಂಕ್ರೀಟು, ಟೈಲ್ಸ್. ಮಳೆಯೇ ಇಲ್ಲದ ಊರಿಗೆ ಚರಂಡಿ ಯಾಕೆ ಅಂತ ಕಟ್ಟಿದವರ ಲೆಕ್ಕ. ಅದು ಬೇಜವಾಬ್ದಾರಿ ಅಂತ ಇಲ್ಲಿ ಕೂತು ಬೈಯುವುದು ಸುಲಭ. ಆದರೆ 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಐಟಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದನ್ನು ನೋಡಿದ ಮೇಲೆ ನಾವು ಬಾಯಿ ಮುಚ್ಚಿಕೊಂಡಿರುವುದೇ ಮೇಲು. ನಮ್ಮಲ್ಲಿ ಕೆರೆ, ರಾಜಕಾಲುವೆ ಎಲ್ಲ ಇದ್ದವು, ನಾವೇ ಮುಚ್ಚಿದೆವು.

ಮತ್ತೆ ಆಗುತ್ತದಾ? ಆಗಬಹುದು. ಯಾವಾಗ ಅಂತ ಹೇಳುವವರನ್ನು ನಂಬಬೇಡಿ. ಇದೇ ಯುಎಇಯ ಫುಜೈರಾದಲ್ಲಿ 2022ರ ಜುಲೈನಲ್ಲಿ ಎರಡು ದಿನಕ್ಕೆ 255 ಮಿಲಿಮೀಟರ್ ಬಿದ್ದು ಏಳು ಜನ ಸತ್ತಿದ್ದರು. ಮರುಭೂಮಿಯ ಮಳೆಯ ಗುಣವೇ ಅದು, ವರ್ಷಗಟ್ಟಲೆ ಏನೂ ಇಲ್ಲ, ಬಂದರೆ ಒಂದೇ ಸಲಕ್ಕೆ ಪಾಲೆಲ್ಲ. ದುಬೈ 2024ರ ಜೂನ್‌ನಲ್ಲಿ 3,000 ಕೋಟಿ ದಿರ್ಹಮ್‌ನ 'ತಸ್ರೀಫ್' ಎಂಬ ಮಳೆನೀರು ಕಾಲುವೆ ಯೋಜನೆಗೆ ಒಪ್ಪಿಗೆ ಕೊಟ್ಟಿತು, ಮುಗಿಯುವುದು 2033ಕ್ಕೆ. ಆದರೆ ಅದು ದುಬೈಗೆ. ನೀವಿರುವುದು ಶಾರ್ಜಾ.

ಮನೆ ಬದಲಿಸುವ ಮಾತು ಬಂದರೆ, ಮಹಡಿ ಎಷ್ಟನೆಯದು ಅನ್ನುವುದು ನನ್ನ ಮೊದಲ ಪ್ರಶ್ನೆಯೇ ಅಲ್ಲ. ನೀವು ಏಳನೆಯದರಲ್ಲಿದ್ದಿರಿ, ನೀರು ನಿಮ್ಮ ಬಾಗಿಲಿಗೆ ಬರಲಿಲ್ಲ, ಆದರೂ ಐದು ದಿನ ನರಳಿದಿರಿ. ಯಾಕೆಂದರೆ ಕಟ್ಟಡದ ಪಂಪು, ಕರೆಂಟಿನ ಪ್ಯಾನೆಲ್ ಬೇಸ್‌ಮೆಂಟ್‌ನಲ್ಲಿದ್ದಿರಬೇಕು. ಹೊಸ ಮನೆ ನೋಡಲು ಹೋದರೆ ಅದನ್ನು ಕೇಳಿ. ಏಜೆಂಟನ್ನು ಕೇಳಬೇಡಿ, ವಾಚ್‌ಮನ್ ಅನ್ನು ಕೇಳಿ. '2024ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು?' ಅಂದರೆ ಅವನು ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾನೆ. ಆ ಕೈ ನಿಮ್ಮ ಸೊಂಟಕ್ಕಿಂತ ಮೇಲಿದ್ದರೆ ಬೇರೆ ಕಟ್ಟಡ ನೋಡಿ. ಬಾಡಿಗೆ ಜಾಸ್ತಿ, ಶಾಲೆ ದೂರ ಅಂತ ಬದಲಿಸಲು ಆಗದಿದ್ದರೂ ತೊಂದರೆಯಿಲ್ಲ. ಮೂರು ದಿನದ ಕುಡಿಯುವ ನೀರು, ಔಷಧಿ, ಟಾರ್ಚು, ಪವರ್ ಬ್ಯಾಂಕ್ ಮನೆಯಲ್ಲಿರಲಿ. ಮಳೆಯ ಆರೆಂಜ್ ಎಚ್ಚರಿಕೆ ಬಂದ ಸಂಜೆಯೇ ಕಾರನ್ನು ಬೇಸ್‌ಮೆಂಟ್‌ನಿಂದ ತೆಗೆದು ಎತ್ತರದ ಜಾಗಕ್ಕೆ ಹಾಕಿ. ಹತ್ತು ಸಲ ಹಾಗೆ ಮಾಡಿ ಒಂಬತ್ತು ಸಲ ಮಳೆಯೇ ಬರಲಿಕ್ಕಿಲ್ಲ. ಪಕ್ಕದ ಮನೆಯವರು ನಗಬಹುದು, ನಗಲಿ ಬಿಡಿ.

ನೀರು ಏರಿದ ಮೇಲೆ ಕಾರು ಉಳಿಸಲು ಬೇಸ್‌ಮೆಂಟ್‌ಗೆ ಇಳಿಯುವುದು ಮಾತ್ರ ಬೇಡವೇ ಬೇಡ. ಮೂವತ್ತು ಸೆಂಟಿಮೀಟರ್ ಹರಿಯುವ ನೀರು ಚಿಕ್ಕ ಕಾರನ್ನು ತೇಲಿಸುತ್ತದೆ, ಅರವತ್ತು ದೊಡ್ಡದನ್ನೂ ಎಳೆದೊಯ್ಯುತ್ತದೆ. ತುಂಬಿ ಹರಿಯುವ ವಾದಿಗೆ ಗಾಡಿ ಇಳಿಸಿದರೆ ಅಲ್ಲಿ 2,000 ದಿರ್ಹಮ್ ದಂಡ, ಲೈಸೆನ್ಸಿನ ಮೇಲೆ 23 ಬ್ಲ್ಯಾಕ್ ಪಾಯಿಂಟ್, 60 ದಿನ ಗಾಡಿ ಜಪ್ತಿ. ಅದು ಒಳ್ಳೆಯ ಕಾನೂನು. ನೆನೆದ ಕಾರನ್ನು ಸ್ಟಾರ್ಟ್ ಮಾಡಿ ನೋಡುವ ಆಸೆಯೂ ಬೇಡ, ಸಿಲಿಂಡರಿಗೆ ನೀರು ಹೋಗಿದ್ದರೆ ಎಂಜಿನ್ ಅಲ್ಲೇ ಮುಗಿಯಿತು, ವಿಮೆಯವರಿಗೂ ತಕರಾರು ತೆಗೆಯಲು ನೆಪ ಸಿಕ್ಕಿತು. ವಿಮೆ ನನ್ನ ವಿಷಯವಲ್ಲ. ಆದರೆ ಎಷ್ಟು ಮಳೆ ಬಂತು ಅಂತ ಸರ್ಟಿಫಿಕೇಟ್ ಕೇಳಿಕೊಂಡು ನಮ್ಮ ಮೇಜಿಗೆ ಬಂದವರು ಬಹಳ. ಅವರಲ್ಲಿ ಅರ್ಧ ಜನಕ್ಕೆ ತಮ್ಮದು ಬರೀ ಥರ್ಡ್ ಪಾರ್ಟಿ ವಿಮೆ ಅನ್ನುವುದು ಕಾರು ಮುಳುಗಿದ ಮೇಲೆ ಗೊತ್ತಾಗಿರುತ್ತಿತ್ತು. ನಿಮ್ಮ ಪಾಲಿಸಿ ತೆಗೆದು, ನೆರೆ ಮತ್ತು ಬಿರುಗಾಳಿ ಅಂತ ಬರೆದಿದೆಯಾ ಅಂತ ಇವತ್ತೇ ನೋಡಿ.

ಕರ್ನಾಟಕದ ಬಿತ್ತನೆಯ ಬಗ್ಗೆ ಹೆದರಬೇಕಾಗಿಲ್ಲ. 2003ರಲ್ಲಿ 'ವರುಣ', 2017ರಲ್ಲಿ ಜಕ್ಕೂರಿನಿಂದ ವಿಮಾನ ಹಾರಿಸಿದ 'ವರ್ಷಧಾರೆ', ಎರಡೂ ಆದವು. ನೆರೆಯ ಭಯಕ್ಕಿಂತ ನನಗೆ ಅಲ್ಲಿ ಬೇರೆ ತಕರಾರಿದೆ. ಬಿತ್ತಿದ ಮೋಡ ಮಳೆ ಸುರಿಸಿತು ಅಂತ ಬೀಗುತ್ತಾರೆ. ಪಕ್ಕದ ಹೋಬಳಿಯಲ್ಲಿ ಬಿತ್ತದ ಮೋಡವೂ ಸುರಿಸಿರುತ್ತದೆ. ಆ ಮೋಡ ತಾನಾಗಿಯೇ ಎಷ್ಟು ಸುರಿಸುತ್ತಿತ್ತು ಅಂತ ಅಳೆಯದೆ ಲಾಭ ಹೇಳುವುದು ಹೇಗೆ? ಸೋಲಾಪುರದವರು ಬಿತ್ತದ ಮೋಡಗಳನ್ನೂ ಪಕ್ಕದಲ್ಲಿಟ್ಟು ಹೋಲಿಸಿದರು, ಅದಕ್ಕೇ ಅವರ ಅಂಕಿಗೆ ಬೆಲೆ. ಬರದ ವರ್ಷದಲ್ಲಿ ಆಕಾಶದಲ್ಲಿ ಒಳ್ಳೆಯ ಮೋಡವೇ ಕಡಿಮೆ, ಅಂಥ ವರ್ಷವೇ ಬಿತ್ತನೆಗೆ ಗಡಿಬಿಡಿ. ದುಡ್ಡು ದಂಡವಾಗುವ ಅಪಾಯ ನಿಜ, ಊರು ಮುಳುಗುವ ಅಪಾಯ ಇಲ್ಲ.

ಅತ್ತೆಯವರಿಗೆ ಇದನ್ನೆಲ್ಲ ವಾದ ಮಾಡಿ ಹೇಳಲು ಹೋಗಬೇಡಿ. ಉಪ್ಪಿನ ಭರಣಿಯ ಮಾತು ಹೇಳಿ ನೋಡಿ, ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಮಗನಿಗೆ ಮಾತ್ರ ಒಂದು ಕೆಲಸ ಕೊಡಿ. ನೆಟ್ಟಗಿನ ಗೋಡೆಯ ಒಂದು ಪಾರದರ್ಶಕ ಡಬ್ಬ, ಪಕ್ಕಕ್ಕೆ ಅಂಟಿಸಿದ ಸ್ಕೇಲು. ಬಾಯಿ ಅಗಲ ಎಷ್ಟಿದ್ದರೂ ಪರವಾಗಿಲ್ಲ, ಬುಡದಿಂದ ಬಾಯಿಯವರೆಗೆ ಒಂದೇ ಅಳತೆ ಇರಬೇಕು. ಸ್ಕೇಲಿನ ಸೊನ್ನೆ ಡಬ್ಬದ ಒಳತಳಕ್ಕೆ ಸರಿಯಾಗಿ ಕೂರಲಿ. ಅದನ್ನು ತೆರೆದ ಜಾಗದಲ್ಲಿ, ತಾರಸಿಗೆ ಬಿಡುತ್ತಾರಾದರೆ ಅಲ್ಲಿ, ಇಡಲಿ. ಮಳೆ ಬಂದ ಮೇಲೆ ಎಷ್ಟು ಮಿಲಿಮೀಟರ್ ಅಂತ ಓದಿ, ತಾರೀಖು ಹಾಕಿ ಬರೆಯಲಿ. ನಾವು ಕಚೇರಿಯಲ್ಲಿ ಮಾಡುವುದೂ ಅದನ್ನೇ, ಡಬ್ಬ ಸ್ವಲ್ಪ ದುಬಾರಿ ಅಷ್ಟೇ. ತಳದಿಂದ 14 ಸೆಂಟಿಮೀಟರ್ ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಗೀಟು ಎಳೆದುಕೊಡಿ, ಅದು 2024ರ ಏಪ್ರಿಲ್ 16. ಮುಂದಿನ ಚಳಿಗಾಲದಲ್ಲಿ ಮೋಡ ಕವಿದಾಗ ಅವನು ಹೋಗಿ ನೋಡಲಿ. ಹೆಚ್ಚಿನ ಮಳೆಗಳು ಡಬ್ಬದ ತಳ ಒದ್ದೆ ಮಾಡಿ ಹೋಗಿರುತ್ತವೆ, ಕೆಂಪು ಗೀಟು ಎಲ್ಲೋ ಮೇಲೆ ಇರುತ್ತದೆ.